ಎರಡನೆಯ ಸಲವೂ ಕೊಟ್ಟವರು

ದಕ್ಷಿಣ ಮುಂಬಯಿಯಿಂದ ಬಾಂದ್ರಾಕ್ಕೆ ಹೊರಟವರು ಮಾಹಿಮ್ ದಾಟುತ್ತಲೇ ಒಂದು ಕಾಸ್‌ವೇ ಮೇಲೆ ಹಾಯುತ್ತಾರೆ. ಎಡಗಡೆ ಮಾಹಿಮ್ ಕೊಲ್ಲಿ, ಬಲಗಡೆ ಮಿಠಿ ನದಿ ಬಂದು ಸೇರುವ ಹಿನ್ನೀರು. ಬಸ್ಸು, ಟ್ಯಾಕ್ಸಿ, ಸ್ಕೂಟರುಗಳ ಗದ್ದಲದಲ್ಲಿ ಆ ದಾರಿಯತ್ತ ಯಾರ ಗಮನವೂ ಹೋಗುವುದಿಲ್ಲ. ಸಿಗ್ನಲ್ ಒಲಿದರೆ ಎರಡು ನಿಮಿಷದಲ್ಲಿ ದಾಟಿಯಾಗುತ್ತದೆ. ಹೀಗೆ ದಿನವೂ ಲಕ್ಷಾಂತರ ಮಂದಿ ತುಳಿಯುವ ಈ ದಾರಿ ಒಬ್ಬ ಹೆಣ್ಣುಮಗಳು ಕೊಟ್ಟ ದಾನ.

ಆ ದಾನದ ಕಾಲಕ್ಕೆ ಬಾಂದ್ರಾ ಮುಂಬಯಿಯ ಭಾಗವಾಗಿರಲಿಲ್ಲ. ಸಾಲ್ಸೆಟ್ ದ್ವೀಪದ ತುದಿಯ ಊರು ಅದು. ಇತ್ತಣಿಂದ ಅತ್ತ ಹೋಗಬೇಕಾದವರು ದೋಣಿ ಹತ್ತಬೇಕು, ಮಳೆಗಾಲದಲ್ಲಿ ಜೀವ ಕೈಯಲ್ಲಿ ಹಿಡಿದು ದಾಟಬೇಕು. ದಾರಿ ಕಟ್ಟಿಸಲು ಕಂಪನಿ ಸರ್ಕಾರಕ್ಕೆ ಮನಸ್ಸಿರಲಿಲ್ಲ. ಪಾರ್ಸಿ ವ್ಯಾಪಾರಿ ಸರ್ ಜಮ್ಸೆಟ್‌ಜಿ ಜೀಜೀಭಾಯ್ ಅವರ ಪತ್ನಿ ಆವಾಬಾಯಿ ಒಂದು ಲಕ್ಷ ರೂಪಾಯಿ ಕೊಟ್ಟರು. ಕೆಲಸ ಶುರುವಾಯಿತು, ನಡುವೆ ಹಣ ಸಾಲದೆ ಹೋಯಿತು. ಆಕೆ ಇನ್ನೂ 57 ಸಾವಿರ ಕೊಟ್ಟರು. ಇದಕ್ಕೆ ಅವರು ಹಾಕಿದ ಷರತ್ತು ಒಂದೇ: ಈ ದಾರಿಯಲ್ಲಿ ನಡೆಯುವವರಿಂದ ಸುಂಕ ಎತ್ತಬಾರದು. 1845ರಲ್ಲಿ ಕಾಸ್‌ವೇ ಸಿದ್ಧವಾಯಿತು. ಮಾತು ಉಳಿಯಿತು.

ಕೇಳುಗರು ಈ ಕಥೆಯಲ್ಲಿ ಮೊದಲ ಒಂದು ಲಕ್ಷಕ್ಕಿಂತ ಆಮೇಲಿನ 57 ಸಾವಿರವನ್ನು ಹೆಚ್ಚು ಗಮನಿಸಬೇಕು. ಮೊದಲ ಸಲ ಕೊಡುವಾಗ ಉತ್ಸಾಹ ಇರುತ್ತದೆ, ಊರಿನ ಹೊಗಳಿಕೆ ಇರುತ್ತದೆ, ಕಲ್ಲಿನ ಮೇಲೆ ಹೆಸರು ಕೆತ್ತುವ ಸಮಾರಂಭ ಇರುತ್ತದೆ. ಎರಡನೆಯ ಸಲ ಕೊಡುವ ಹೊತ್ತಿಗೆ ಅದೊಂದೂ ಇರುವುದಿಲ್ಲ, ಅರ್ಧ ಆದ ಕೆಲಸ ಮಾತ್ರ ಎದುರಿಗೆ ಇರುತ್ತದೆ. ಆರೋಗ್ಯವಂತ ಮುಪ್ಪು ಹೇಗೆ ಸಾಧ್ಯ ಎಂದು ಅರಿಯಲು ನಡೆಯುವ ಸಂಶೋಧನೆ ಪೂರಾ ನಿಂತಿರುವುದು ಇಂಥ ಎರಡನೆಯ, ಮೂರನೆಯ, ಹತ್ತನೆಯ ಸಲದ ಕೊಡುಗೆಗಳ ಮೇಲೆ. ಇವತ್ತಿನ ಮಾತು ಅದರ ಬಗ್ಗೆ.

ಬಾಂದ್ರಾದಲ್ಲಿ ದಾನದ ಗುರುತುಗಳಿಗೆ ಬರವಿಲ್ಲ. ನಗರಪಾಲಿಕೆಯ ಭಾಭಾ ಆಸ್ಪತ್ರೆಗೆ ಪಾರ್ಸಿ ಮನೆತನದ ಹೆಸರು. ಹೋಲಿ ಫ್ಯಾಮಿಲಿ ಆಸ್ಪತ್ರೆಯನ್ನು ಕಟ್ಟಿ ಬೆಳೆಸಿದವರು ಕ್ರೈಸ್ತ ಸನ್ಯಾಸಿನಿಯರು. ಸಮುದ್ರವನ್ನು ತುಂಬಿ ಪಡೆದ ರೆಕ್ಲಮೇಶನ್ ನೆಲದಲ್ಲಿ ನಿಂತಿರುವ ಲೀಲಾವತಿ ಆಸ್ಪತ್ರೆಯ ಹಿಂದೆ ವಜ್ರ ವ್ಯಾಪಾರಿ ಕೀರ್ತಿಲಾಲ್ ಮೆಹ್ತಾ ಅವರು ಪತ್ನಿಯ ಹೆಸರಿನಲ್ಲಿ 1978ರಲ್ಲಿ ನೆಟ್ಟ ಟ್ರಸ್ಟ್ ಇದೆ. ಆಸ್ಪತ್ರೆ ಬಾಗಿಲು ತೆರೆದದ್ದು 1997ರಲ್ಲಿ. ಕಾಯಿಲೆ ಬಿದ್ದವರಿಗೆ ಹಾಸಿಗೆ ಬೇಕು ಎಂಬುದು ಎಲ್ಲರ ಕಣ್ಣಿಗೂ ಕಾಣುವ ಅಗತ್ಯ. ಅದಕ್ಕೆ ಕೊಡುವ ಕೈಗಳು ಈ ಊರಿನಲ್ಲಿ ಯಾವತ್ತೂ ಇದ್ದವು.

ಕಾಯಿಲೆ ಬೀಳುವ ಮೊದಲಿನ ಇಪ್ಪತ್ತು ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಳಗಿನ ಆರು ಗಂಟೆಗೆ ಕಾರ್ಟರ್ ರೋಡಿನ ಸಮುದ್ರದಂಚಿಗೆ ಹೋದರೆ ಆ ವರ್ಷಗಳು ಕಾಲ್ನಡಿಗೆಯಲ್ಲಿ ಹೋಗುವುದು ಕಾಣುತ್ತದೆ. ಅಲ್ಲೇ ಹತ್ತಿರದ ಜಾಗರ್ಸ್ ಪಾರ್ಕ್ 1990ರಲ್ಲಿ ತೆರೆದದ್ದು. ಅಂದು ನಲವತ್ತರ ಹರೆಯದಲ್ಲಿ ಅಲ್ಲಿ ಓಡಲು ಬಂದವರು ಈಗ ಎಪ್ಪತ್ತೈದು ದಾಟಿ ನಡೆಯುತ್ತಿದ್ದಾರೆ. ಕೆಲವರು ಬೀಸಾಗಿ ಕೈಬೀಸಿ ನಡೆಯುತ್ತಾರೆ. ಕೆಲವರದು ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಅಳುಕು. ಸೊಸೆಯ ತೋಳು ಹಿಡಿದು ಬರುವ ಅಜ್ಜಿ ಬೆಂಚು ಕಂಡಲ್ಲೆಲ್ಲ ಕೂರುತ್ತಾರೆ. ಒಂದೇ ವಯಸ್ಸಿನ ಇಬ್ಬರು, ಒಂದೇ ಕಟ್ಟಡದಲ್ಲಿ ಬಾಳಿದವರು, ಒಂದೇ ಗಾಳಿ ಕುಡಿದವರು. ಒಬ್ಬರು ಹಾಲು, ಪೇಪರು, ತರಕಾರಿ ಎಲ್ಲ ತಾವೇ ತರುತ್ತಾರೆ. ಇನ್ನೊಬ್ಬರಿಗೆ ಮನೆಯ ಬಾಗಿಲು ಯಾವುದೆಂದು ನೆನಪಾಗುವುದಿಲ್ಲ. ಯಾಕೆ ಹೀಗೆ?

ಈ ‘ಯಾಕೆ’ಗೆ ಲ್ಯಾಬಿನಲ್ಲಿ ಒಂದು ದಿನ ಕೂತು ಉತ್ತರ ಹುಡುಕಲಾಗದು. ನಲವತ್ತೈದರ ವಯಸ್ಸಿನಲ್ಲಿ ಅವರಿಬ್ಬರ ರಕ್ತದೊತ್ತಡ ಎಷ್ಟಿತ್ತು, ಸಕ್ಕರೆ ಎಷ್ಟಿತ್ತು, ಕಿವಿ ಹೇಗಿತ್ತು, ನಡಿಗೆ ಹೇಗಿತ್ತು, ಯಾರೊಂದಿಗೆ ಮಾತಾಡುತ್ತಿದ್ದರು ಎಂದು ಬರೆದಿಟ್ಟಿರಬೇಕು. ಮತ್ತೆ ಐವತ್ತರಲ್ಲಿ, ಐವತ್ತೈದರಲ್ಲಿ, ಅರವತ್ತರಲ್ಲಿ ಅದೇ ಮನೆಯ ಬಾಗಿಲು ತಟ್ಟಿರಬೇಕು. ಅಷ್ಟು ಕಾಲ ಜನರನ್ನು ಬಿಡದೆ ಹಿಂಬಾಲಿಸಲು ತಾಳ್ಮೆಯ ವೈದ್ಯರು ಬೇಕು. ಆ ವೈದ್ಯರಿಗೆ ಆಸರೆಯಾಗಿ ನಿಲ್ಲುವ ಹಣ ಬೇಕು. ಈ ಎರಡರಲ್ಲಿ ಯಾವುದು ತಪ್ಪಿದರೂ ಅಲ್ಲಿಯವರೆಗಿನ ಕೆಲಸ ಹಳೆಯ ಕಡತಗಳಾಗಿ ಕಪಾಟು ಸೇರುತ್ತದೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಸಣ್ಣ ಪಟ್ಟಣದಲ್ಲಿ ಹಾಗೆ ಆಗುವುದರಲ್ಲಿತ್ತು. 1948ರಲ್ಲಿ ಅಲ್ಲಿನ 5,209 ಗಂಡಸರು ಹೆಂಗಸರನ್ನು ಆರಿಸಿಕೊಂಡು, ಹೃದಯದ ಕಾಯಿಲೆ ಯಾರಿಗೆ ಯಾಕೆ ಬರುತ್ತದೆ ಎಂದು ನೋಡುವ ಅಧ್ಯಯನ ಸರ್ಕಾರದ ಹಣದಲ್ಲಿ ಶುರುವಾಯಿತು. ಬಿಪಿ, ಕೊಲೆಸ್ಟರಾಲ್, ಸಿಗರೇಟು ಇವು ಹೃದಯಕ್ಕೆ ಅಪಾಯ ಎಂದು ಇಂದು ಹಳ್ಳಿಯ ಆಶಾ ಕಾರ್ಯಕರ್ತೆಯೂ ಹೇಳುತ್ತಾಳಲ್ಲ, ಆ ಮಾತಿಗೆ ಬುನಾದಿ ಹಾಕಿದವರಲ್ಲಿ ಆ ಊರಿನವರು ಮೊದಲಿಗರು. ಇಪ್ಪತ್ತು ವರ್ಷ ಕಳೆದಾಗ ಸರ್ಕಾರ ಇನ್ನು ಸಾಕು ಎಂದಿತು. ಆಗ ಅಧ್ಯಯನವನ್ನು ಬಹಳ ವರ್ಷ ಮುನ್ನಡೆಸಿದ್ದ ಡಾ. ಥಾಮಸ್ ಡಾಬರ್ ಖಾಸಗಿ ದೇಣಿಗೆ ಕೇಳಿಕೊಂಡು ಬಾಗಿಲಿಂದ ಬಾಗಿಲಿಗೆ ತಿರುಗಿದರು. ಕೆಲಸ ನಿಲ್ಲಲಿಲ್ಲ. ಮುಂದೆ ಅದೇ ಜನರ ಮಕ್ಕಳು, ಆಮೇಲೆ ಮೊಮ್ಮಕ್ಕಳು ಅಧ್ಯಯನಕ್ಕೆ ಸೇರಿದರು. ಹೃದಯ ನೋಡಲು ಹೊರಟದ್ದು ಮಿದುಳಿನ ಮುಪ್ಪನ್ನೂ ನೋಡುವಂತಾಯಿತು. ಸ್ಟೆತೊಸ್ಕೋಪ್ ಹಿಡಿದ ಕೈ ಒಮ್ಮೊಮ್ಮೆ ಜೋಳಿಗೆಯನ್ನೂ ಹಿಡಿಯಬೇಕಾಗುತ್ತದೆ. ವೈದ್ಯಕೀಯ ನಾಯಕತ್ವ ಎಂಬ ದೊಡ್ಡ ಮಾತಿನ ಒಳಗೆ ಇದೂ ಸೇರಿದೆ.

ಹಣವೇ ಇಲ್ಲದೆ ಕೊಟ್ಟವರೂ ಉಂಟು. 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ ಅಮೆರಿಕದ ನೋಟರ್ ಡೇಮ್ ಶಾಲಾ ಭಗಿನಿಯರ ಮಠಗಳಲ್ಲಿ ಮುಪ್ಪಿನ ಅಧ್ಯಯನ ಆರಂಭಿಸಿದರು. ಎಪ್ಪತ್ತೈದು ದಾಟಿದ 678 ಸನ್ಯಾಸಿನಿಯರು ಒಪ್ಪಿಕೊಂಡು ಬಂದರು. ಪ್ರತಿ ವರ್ಷ ನೆನಪಿನ ಪರೀಕ್ಷೆಗೆ ಕೂತರು, ಸತ್ತ ಮೇಲೆ ತಮ್ಮ ಮಿದುಳನ್ನು ಪರೀಕ್ಷೆಗೆ ತೆಗೆದುಕೊಳ್ಳಿ ಎಂದು ಬರೆದುಕೊಟ್ಟರು. ಅವರಲ್ಲಿ ಹಲವರು ಮಠ ಸೇರುವಾಗ, ಇಪ್ಪತ್ತರ ಆಸುಪಾಸಿನಲ್ಲಿ, ತಮ್ಮ ಬದುಕಿನ ಬಗ್ಗೆ ಬರೆದ ಒಂದೊಂದು ಪುಟ ಕಡತದಲ್ಲಿ ಉಳಿದಿತ್ತು. ತುಂಬು ವಿಚಾರವನ್ನು ಕೆಲವೇ ಸಾಲಿನಲ್ಲಿ ಹಿಡಿದು ಬರೆದವರಿಗೆ ಅರವತ್ತು ವರ್ಷದ ಆನಂತರ ಮರೆಗುಳಿತನ ಬಂದದ್ದು ಕಡಿಮೆ ಎಂದು ಕಂಡಿತು. ಬಾಂದ್ರಾದಲ್ಲಿ ಚರ್ಚು, ಕಾನ್ವೆಂಟುಗಳ ನಡುವೆ ಬೆಳೆದವರಿಗೆ ಇಂಥ ಭಗಿನಿಯರ ಮುಖ ಗೊತ್ತು. ತರಗತಿಯಲ್ಲಿ ಅಕ್ಷರ ಕಲಿಸಿದ ಕೈಗಳು ಕೊನೆಗೆ ವಿಜ್ಞಾನಕ್ಕೂ ಒಂದು ಪಾಠ ಬಿಟ್ಟುಹೋದವು.

ಇದೆಲ್ಲ ಹೊರನಾಡಿನ ಮಾತಾಯಿತು. ನಮ್ಮಲ್ಲಿ?

ಬಾಂದ್ರಾದಿಂದ ಪೂರ್ವಕ್ಕೆ ಕುರ್ಲಾ, ಚೆಂಬೂರು ದಾಟಿದರೆ ದೇವನಾರ ಸಿಗುತ್ತದೆ. ಅಲ್ಲಿ ಮರಗಳ ನಡುವೆ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದೆ. 1956ರಲ್ಲಿ ಚೆಂಬೂರಿನಲ್ಲಿ ಇದು ಹುಟ್ಟಿದಾಗ ಸರ್ ದೋರಾಬ್‌ಜಿ ಟಾಟಾ ಟ್ರಸ್ಟ್, ಭಾರತ ಸರ್ಕಾರ, ವಿಶ್ವಸಂಸ್ಥೆ ಮೂರೂ ಕೈಜೋಡಿಸಿದ್ದವು. ಆಗಿನ ಚಿಂತೆ ಹುಟ್ಟುವವರದು. ದೇಶದಲ್ಲಿ ಮಕ್ಕಳು ಎಷ್ಟು, ಜನಸಂಖ್ಯೆ ಎತ್ತ ಹೋಗುತ್ತಿದೆ ಎಂಬ ಲೆಕ್ಕ. ಅರವತ್ತು ವರ್ಷದ ಮೇಲೆ ಅದೇ ಸಂಸ್ಥೆ ಮುದುಕರ ಲೆಕ್ಕಕ್ಕೆ ಕೂತಿತು. ದತ್ತಿಯ ಹಣ ಯಾವ ಕೆಲಸಕ್ಕೆ ಬೀಜ ಆಗುತ್ತದೆ ಎಂದು ಬಿತ್ತುವ ದಿನ ಹೇಳಲು ಬರುವುದಿಲ್ಲ.

ಆ ಲೆಕ್ಕಕ್ಕೆ ಲಾಸಿ ಎಂದು ಕಿರಿದಾದ ಹೆಸರು, ಅಂದರೆ ಭಾರತದ ವಯೋವೃದ್ಧಿಯ ದೀರ್ಘಕಾಲೀನ ಅಧ್ಯಯನ. ಮುಂಬಯಿಯ ಪ್ರೊ. ಪಿ. ಅರೋಕಿಯಸಾಮಿ, ಹಾರ್ವರ್ಡ್‌ನ ಡೇವಿಡ್ ಬ್ಲೂಮ್, ದಕ್ಷಿಣ ಕ್ಯಾಲಿಫೋರ್ನಿಯಾದ ಜಿನ್‌ಕುಕ್ ಲೀ ಇದರ ಮುಂದಾಳುಗಳು. 2010ರಲ್ಲಿ ಪೂರ್ವಭಾವಿಯಾಗಿ ನಾಲ್ಕು ರಾಜ್ಯಗಳಲ್ಲಿ ಮಾಡಿ ನೋಡಿದರು. ಆ ನಾಲ್ಕರಲ್ಲಿ ಕರ್ನಾಟಕ ಒಂದು. 2017–18ರಲ್ಲಿ ಮೊದಲ ಸುತ್ತು ನಡೆದಾಗ ದೇಶದ ಉದ್ದಗಲದಲ್ಲಿ 72,250 ಮಂದಿಯನ್ನು ಮಾತಾಡಿಸಿದ್ದರು. ಎಲ್ಲರೂ ನಲವತ್ತೈದು ದಾಟಿದವರು, ಇಲ್ಲವೇ ಅವರ ಗಂಡ ಹೆಂಡಿರು. ಅರವತ್ತು ದಾಟಿದವರೇ 31,464. ಕೇಂದ್ರದ ಆರೋಗ್ಯ ಮಂತ್ರಾಲಯ, ಅಮೆರಿಕದ ರಾಷ್ಟ್ರೀಯ ವಯೋವೃದ್ಧಿ ಸಂಸ್ಥೆ, ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಹಣ ಒದಗಿಸಿದವು. 2021ರ ಜನವರಿಯಲ್ಲಿ ವರದಿ ಹೊರಬಂತು.

ಅಂಕಿಗಳನ್ನು ಓದುವುದಕ್ಕಿಂತ ಆ ಅಂಕಿ ಹುಟ್ಟುವ ಬಗೆಯನ್ನು ನೋಡುವುದು ಒಳ್ಳೆಯದು. ಮನೆಗೆ ಬಂದ ಹುಡುಗಿ ನಡುಮನೆಯ ನೆಲದ ಮೇಲೆ ಟೇಪು ಹಿಡಿದು ನಾಲ್ಕು ಮೀಟರ್ ಅಳೆಯುತ್ತಾಳೆ. “ಅಜ್ಜಿ, ದಿನಾ ಹೇಗೆ ನಡೀತೀರೋ ಹಾಗೇ ಬನ್ನಿ. ಅವಸರ ಬೇಡ.” ಅಜ್ಜಿ ಸೆರಗು ಸರಿಮಾಡಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಾಳೆ, ಹುಡುಗಿಯ ಕೈಯಲ್ಲಿ ಗಡಿಯಾರ. ನಡಿಗೆಯ ವೇಗ ಕುಗ್ಗಿದರೆ ಅದು ಬರೀ ಮೊಣಕಾಲಿನ ಸುದ್ದಿಯಲ್ಲ, ಸ್ನಾಯು, ನರ, ಹೃದಯ, ಮಿದುಳು ಎಲ್ಲದರ ಸುದ್ದಿ. ಆಮೇಲೆ ಕೈಗೆ ಒಂದು ಹಿಡಿ ಕೊಡುತ್ತಾರೆ. “ಬಲವಾಗಿ ಹಿಸುಕಿ.” ಮುಳ್ಳು ಸರಿದ ಕಡೆಯ ಸಂಖ್ಯೆ ಬರೆದುಕೊಳ್ಳುತ್ತಾರೆ. ಆಯುಷ್ಯವೆಲ್ಲ ರುಬ್ಬುಗುಂಡು ತಿರುಗಿಸಿದ ಕೈ ಎಷ್ಟು ಕಿಲೋ ಒತ್ತಿತು ಎಂದು ಮೊದಲ ಸಲ ಯಾರೋ ಕೇಳಿದ್ದಾರೆ. ಬೆರಳ ತುದಿಯಿಂದ ನಾಲ್ಕಾರು ಹನಿ ರಕ್ತ ಕಾಗದದ ಮೇಲೆ ಇಂಗುತ್ತದೆ. ಹತ್ತು ಪದ ಓದಿ ಹೇಳುತ್ತಾರೆ, ನೆನಪಿದ್ದಷ್ಟು ತಿರುಗಿ ಹೇಳಬೇಕು. ಸ್ವಲ್ಪ ಹೊತ್ತು ಬೇರೆ ಮಾತಾಡಿಸಿ, ಆ ಹತ್ತು ಪದ ಯಾವುವು ಎಂದು ಇನ್ನೊಮ್ಮೆ ಕೇಳುತ್ತಾರೆ. ಅಲ್ಲಿ ತಡವರಿಸುವವರ ಮುಖ ನೋಡಲಾಗದು. ನಾಲಗೆಯ ತುದಿಗೆ ಬಂದದ್ದು ಜಾರುತ್ತದೆ, ಮಗನ ಮುಖ ನೋಡುತ್ತಾರೆ, ಮಗ ಹೇಳಿಕೊಡುವ ಹಾಗಿಲ್ಲ.

ಹೀಗೆ ಮನೆ ಮನೆಯಲ್ಲಿ ಕೂಡಿದ ಹನಿಗಳಿಂದ ದೇಶದ ಚಿತ್ರ ಮೂಡಿತು. 2011ರ ಜನಗಣತಿಯಲ್ಲಿ ನೂರಕ್ಕೆ 8.6 ಮಂದಿ ಅರವತ್ತು ದಾಟಿದವರು. 2050ರ ಹೊತ್ತಿಗೆ ಅದು ನೂರಕ್ಕೆ 19.5 ಆಗಬಹುದು, ಸಂಖ್ಯೆಯಲ್ಲಿ ಸುಮಾರು 31.9 ಕೋಟಿ. ಲಾಸಿಯ ಒಳಗಿನಿಂದಲೇ ಮರೆಗುಳಿತನವನ್ನು ಕುರಿತ ಇನ್ನೊಂದು ಅಧ್ಯಯನ ಹೊರಟಿತು. ಅದರ ಮುಂಚೂಣಿಯಲ್ಲಿ ನಿಂತವರು ದೆಹಲಿಯ ಏಮ್ಸ್‌ನಲ್ಲಿ ವೃದ್ಧರ ವೈದ್ಯಕೀಯವನ್ನು ಒಂದು ವಿಭಾಗವಾಗಿ ಬೆಳೆಸಿದ ಡಾ. ಎ.ಬಿ. ಡೇ. ಬೆಂಗಳೂರಿನ ನಿಮ್ಹಾನ್ಸ್ ಸೇರಿ ಹಲವು ಆಸ್ಪತ್ರೆಗಳ ವೈದ್ಯರು ಕೈಜೋಡಿಸಿದರು. 4,096 ಹಿರಿಯರನ್ನು ಗಂಟೆಗಟ್ಟಲೆ ಪರೀಕ್ಷಿಸಿದ ಮೇಲೆ 2023ರಲ್ಲಿ ಹೊರಬಿದ್ದ ಅಂದಾಜು ಇದು: ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ, ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ‘ವಯಸ್ಸಾಯ್ತಲ್ಲ, ಅರಳುಮರಳು’ ಎಂದು ಮನೆಯ ಮೂಲೆಗೆ ತಳ್ಳಿದ್ದ ಸಂಗತಿಗೆ ಒಂದು ಹೆಸರು, ಒಂದು ಗಾತ್ರ ಸಿಕ್ಕಿತು.

ಲಾಸಿಯ ಇನ್ನೊಂದು ಗುಣವನ್ನು ಹೇಳದೆ ಮುಂದೆ ಹೋಗಲಾಗದು. ಇದರ ಮಾಹಿತಿಯನ್ನು, ಜನರ ಹೆಸರು ಕುರುಹು ತೆಗೆದು, ಕೇಳಿದ ಸಂಶೋಧಕರಿಗೆ ಬಿಟ್ಟಿಯಾಗಿ ಕೊಡುತ್ತಾರೆ. ಧಾರವಾಡದ ವಿದ್ಯಾರ್ಥಿ ಆಗಲಿ, ಬಾಸ್ಟನ್ನಿನ ಪ್ರಾಧ್ಯಾಪಕ ಆಗಲಿ, ದಾರಿ ಒಂದೇ. ಆವಾಬಾಯಿ ಕೇಳಿದ್ದೂ ಇಂಥದೇ ದಾರಿಯನ್ನು.

ಮುಂಬಯಿಯಲ್ಲಿ ಈ ಬಗೆಯ ಯೋಚನೆ ಇದಕ್ಕೂ ಮೊದಲೇ ಇತ್ತು. ರಾಮೇಶ್ವರದಾಸ್ ಬಿರ್ಲಾ ಕಟ್ಟಿಸಿದ ಬಾಂಬೆ ಹಾಸ್ಪಿಟಲ್‌ನ ಟ್ರಸ್ಟಿನ ಆಸರೆಯಲ್ಲಿ, ಅಲ್ಲಿನ ವೈದ್ಯಕೀಯ ಸಂಶೋಧನಾ ಕೇಂದ್ರದಿಂದ, ಡಾ. ಜೆ.ಡಿ. ಪಾಠಕ್ 1970ರ ದಶಕದಿಂದ ಮುದುಕರ ದೇಹಸ್ಥಿತಿಯ ಮೇಲೆ ಒಂದರ ಹಿಂದೊಂದು ಪುಸ್ತಕ ತಂದರು. ಭಾರತೀಯರ ಮೈ ಹೇಗೆ ಮುಪ್ಪಾಗುತ್ತದೆ ಎಂದು ಭಾರತೀಯರನ್ನೇ ನೋಡಿ ಬರೆಯುವ ಕೆಲಸ ಅದು. ಅಂದು ಅದನ್ನು ಕೊಂಡಾಡಿದವರು ಕಡಿಮೆ.

ಪಾರ್ಸಿ ಬಾಗ್‌ಗಳ ಕಥೆ ಇನ್ನೂ ಸ್ವಾರಸ್ಯದ್ದು. ಬಾಯಿ ಜೇರ್‌ಬಾಯಿ ವಾಡಿಯಾ ಮತ್ತು ಅವರ ಮಕ್ಕಳು ಕಟ್ಟಿಸಿದ ರುಸ್ತಮ್ ಬಾಗ್, ಕುಸ್ರೋ ಬಾಗ್, ನೌರೋಜ್ ಬಾಗ್ ಮೊದಲಾದ ವಸತಿಗಳಲ್ಲಿ ಪಾರ್ಸಿಗಳು ಕಡಿಮೆ ಬಾಡಿಗೆಗೆ ತಲೆಮಾರುಗಟ್ಟಲೆ ನೆಲೆಸಿದರು. ಕೊಟ್ಟವರ ಮನಸ್ಸಿನಲ್ಲಿ ಇದ್ದದ್ದು ತಲೆಯ ಮೇಲೊಂದು ಸೂರು. ಆದರೆ ಒಂದೇ ಕಡೆ ನೆಲೆನಿಂತ, ಮನೆ ಬದಲಿಸದ, ವಯಸ್ಸಿನ ದಾಖಲೆ ಸರಿಯಾಗಿಟ್ಟುಕೊಂಡ, ಮುಪ್ಪಿನವರೇ ಹೆಚ್ಚಾಗಿರುವ ಜನಸಮೂಹ ಸಂಶೋಧಕನಿಗೆ ಸಿಗುವುದು ಬಲು ಅಪರೂಪ. ಕೆ.ಇ.ಎಂ. ಆಸ್ಪತ್ರೆಯಲ್ಲಿ ನರವಿಜ್ಞಾನಕ್ಕೆ ನೆಲೆ ಹಾಕಿದ ಡಾ. ಎಡ್ಡಿ ಭರೂಚಾ, ಅವರ ಮಗ ಡಾ. ನಾದಿರ್ ಭರೂಚಾ ತಮ್ಮ ತಂಡದೊಂದಿಗೆ ಮುಂಬಯಿಯ ಪಾರ್ಸಿ ಕಾಲನಿಗಳಲ್ಲಿ ಮನೆ ಮನೆಗೆ ಹೋಗಿ 14,010 ಮಂದಿಯನ್ನು ವಿಚಾರಿಸಿದರು. 1988ರಲ್ಲಿ ಪ್ರಕಟವಾದ ಲೆಕ್ಕದಂತೆ ಲಕ್ಷಕ್ಕೆ ಸುಮಾರು 328 ಮಂದಿಗೆ ಪಾರ್ಕಿನ್ಸನ್ ಕಾಯಿಲೆ. ಪಾಶ್ಚಾತ್ಯರ ಕಾಯಿಲೆ ಎಂದು ತಿಳಿದಿದ್ದು ಬೈಕಲಾದ ಮೂರನೆ ಮಹಡಿಯಲ್ಲಿ ಕೈ ನಡುಗಿಸುತ್ತಾ ಕೂತಿತ್ತು. ಮುಂದೆ 2001ರಲ್ಲಿ ನರವೈದ್ಯ ಡಾ. ಬಿ.ಎಸ್. ಸಿಂಘಾಲ್ ಮುಂಬಯಿಯಲ್ಲಿ ಪಾರ್ಕಿನ್ಸನ್ ರೋಗಿಗಳಿಗಾಗಿ ಒಂದು ಸೊಸೈಟಿ ಹುಟ್ಟುಹಾಕಿದರು. ವ್ಯಾಯಾಮ, ಮಾತು, ಹಾಡುಗಳ ನಡುವೆ ರೋಗಿಗಳನ್ನೂ ನೋಡಿಕೊಳ್ಳುವವರನ್ನೂ ಒಟ್ಟು ಕೂರಿಸುವ ಕೆಲಸ ಅದರದು.

ಕನ್ನಡ ನೆಲದ ಕಥೆಗೂ ಬೇರು ಮುಂಬಯಿಯಲ್ಲೇ ಇದೆ. ಜಮ್ಸೆಟ್‌ಜಿ ಟಾಟಾ ಒಂದು ವಿಜ್ಞಾನ ಸಂಸ್ಥೆಗಾಗಿ 1898ರಲ್ಲಿ ಮುಡಿಪಿಟ್ಟದ್ದು ಮುಂಬಯಿಯ ತಮ್ಮ ಕಟ್ಟಡಗಳನ್ನು, ಜಾಗಗಳನ್ನು. ಬೆಲೆ ಸುಮಾರು 30 ಲಕ್ಷ. ಸಂಸ್ಥೆ ಕಣ್ಣಿಗೆ ಕಾಣುವ ಮೊದಲೇ, 1904ರಲ್ಲಿ ಅವರು ತೀರಿಕೊಂಡರು. ಮಕ್ಕಳು ಮಾತಿಗೆ ತಪ್ಪಲಿಲ್ಲ. ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಕಡೆಯಿಂದ ಬೆಂಗಳೂರಿನಲ್ಲಿ 371 ಎಕರೆ ನೆಲ ಬಂತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಎದ್ದಿತು. ಮುಂಬಯಿಯ ಮನೆ ಬಾಡಿಗೆ ಮತ್ತು ಮೈಸೂರಿನ ಮಣ್ಣು ಕೂಡಿ ಆದ ಸಂಸ್ಥೆಯನ್ನು ಇಂದಿಗೂ ಬೆಂಗಳೂರಿನ ಆಟೋದವರು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ.

ಆ ಆವರಣದಲ್ಲಿ ಈಗ ಮಿದುಳು ಸಂಶೋಧನಾ ಕೇಂದ್ರ ಇದೆ. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಅವರ ಪತ್ನಿ ಸುಧಾ ತಮ್ಮ ಪ್ರತೀಕ್ಷಾ ಟ್ರಸ್ಟಿನಿಂದ 2014ರಲ್ಲಿ ಹತ್ತು ವರ್ಷಕ್ಕೆಂದು 225 ಕೋಟಿ ರೂಪಾಯಿ ಒಪ್ಪಿಸಿದರು. ಗಮನಿಸಬೇಕಾದ ಮಾತು ‘ಹತ್ತು ವರ್ಷಕ್ಕೆಂದು’. ಮೂರು ವರ್ಷದ ಅನುದಾನದಲ್ಲಿ ಇಲಿಯ ಮುಪ್ಪನ್ನು ನೋಡಬಹುದು, ಮನುಷ್ಯನದು ನೋಡಲಾಗದು. ಅದೇ ವರ್ಷ ಟಾಟಾ ಟ್ರಸ್ಟ್‌ಗಳು ಆಲ್ಜೈಮರ್ಸ್ ಸಂಶೋಧನೆಗೆ 75 ಕೋಟಿ ಮಂಜೂರು ಮಾಡಿದವು. ಇದನ್ನೆಲ್ಲ ಕೂಡಿಸಿ ದಾರಿಗೆ ಹಚ್ಚಿದವರು ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್. ನಿಮ್ಹಾನ್ಸ್‌ನಲ್ಲಿ ದುಡಿದು, ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಮೊದಲ ನಿರ್ದೇಶಕಿಯಾಗಿ ಕಟ್ಟಿ ಬೆಂಗಳೂರಿಗೆ ಮರಳಿದವರು. 2022ರ ಜೂನ್ 20ರಂದು ಕೇಂದ್ರದ ಹೊಸ ಕಟ್ಟಡವನ್ನು ಪ್ರಧಾನಿ ಉದ್ಘಾಟಿಸಿದರು. ಅದೇ ದಿನ, ಸುಸ್ಮಿತಾ ಮತ್ತು ಸುಬ್ರತೊ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ದಂಪತಿಗಳು ಕೊಟ್ಟ 425 ಕೋಟಿಯಲ್ಲಿ ಏಳಲಿರುವ ಆಸ್ಪತ್ರೆಗೂ ಅಡಿಗಲ್ಲು ಬಿತ್ತು.

ಕಟ್ಟಡ ಬೆಂಗಳೂರಿನಲ್ಲಿ ಇದ್ದರೂ ಕೆಲಸದ ಜೀವ ಇರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ. ಮಾವಿನ ತೋಪುಗಳ ಸೀಮೆ ಅದು, ಕನ್ನಡ ತೆಲುಗು ಎರಡೂ ಒಂದೇ ಜಗಲಿಯಲ್ಲಿ ನಡೆಯುವ ಗಡಿಪ್ರದೇಶ. ಅಲ್ಲಿನ ಹಳ್ಳಿಗಳ ನಲವತ್ತೈದು ದಾಟಿದ 10,000 ಮಂದಿಯನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ 2018ರಲ್ಲಿ ಶುರುವಾಯಿತು. ಬೆಂಗಳೂರು ನಗರದ 1,000 ಮಂದಿಯ ಇನ್ನೊಂದು ಗುಂಪಿಗೆ ಟಾಟಾ ಹೆಸರು. ತೋಪಿಗೆ ನೀರು ಬಿಟ್ಟು ಬಂದ ರೈತ ರಕ್ತ ಕೊಡುತ್ತಾನೆ, ಕಣ್ಣು ಕಿವಿ ತೋರಿಸುತ್ತಾನೆ, ನೆನಪಿನ ಪ್ರಶ್ನೆಗೆ ಉತ್ತರಿಸುತ್ತಾನೆ, ಮಿದುಳಿನ ಸ್ಕ್ಯಾನ್ ಯಂತ್ರದೊಳಗೆ ಅಲುಗದೆ ಮಲಗುತ್ತಾನೆ. ಹೊರದೇಶದ ಪರೀಕ್ಷೆಗಳು ಇಲ್ಲಿ ನೆಟ್ಟಗೆ ಒಗ್ಗುವುದಿಲ್ಲ. ‘ಒಂದು ವಾಕ್ಯ ಬರೆಯಿರಿ’ ಎಂಬ ಪ್ರಶ್ನೆಗೆ ಶಾಲೆಯ ಮುಖ ನೋಡದ ಅಜ್ಜಿ ಏನು ಮಾಡಬೇಕು? ಬರೆಯಲು ಬಾರದೆ ಇದ್ದದ್ದು ಮರೆವು ಆಗುವುದಿಲ್ಲ. ಆಕೆಗೆ ನೂರು ಮಾವಿನ ಮರದಲ್ಲಿ ಯಾವುದು ಯಾವ ವರ್ಷ ಕಾಯಿ ಬಿಟ್ಟಿತು ಎಂಬುದು ಬಾಯಿಪಾಠ ಇರಬಹುದು. ಓದು ಬರಹ ಅರಿಯದವರ ಬುದ್ಧಿಯನ್ನು ನ್ಯಾಯವಾಗಿ ಅಳೆಯುವ ಪ್ರಶ್ನೆಗಳನ್ನು ನಮ್ಮ ನುಡಿಯಲ್ಲಿ ಹೊಂದಿಸುವುದೇ ದೊಡ್ಡ ವಿಜ್ಞಾನ.

225 ಕೋಟಿ ಕೊಟ್ಟವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಬರಲಿ, ಅದು ತಕ್ಕದ್ದೇ. ಒಂದು ದಿನದ ಕೂಲಿ ಬಿಟ್ಟು ಪರೀಕ್ಷೆಗೆ ಬಂದ ಶ್ರೀನಿವಾಸಪುರದ ಹೆಂಗಸೂ ದಾನಿಯೇ. ಆಕೆಯ ರಕ್ತದಿಂದ ಸಿಗುವ ತಿಳಿವು ಆಕೆಯ ಕಾಲಕ್ಕೆ ಆಕೆಗೆ ಒದಗುತ್ತದೆಂಬ ಭರವಸೆ ಕಡಿಮೆ. ಒದಗುವುದು ಮೊಮ್ಮಗಳಿಗೆ. ಆಕೆ ಎರಡನೆಯ ಸುತ್ತಿಗೂ ಬಂದರೆ ಮಾತ್ರ ಮೊದಲ ಸುತ್ತಿಗೆ ಅರ್ಥ. ಹಣದ ದಾನಿಗೂ ಮೈಯ ದಾನಿಗೂ ಇಲ್ಲಿ ಒಂದೇ ನಿಯಮ.

ಇಷ್ಟೆಲ್ಲ ತಾಳ್ಮೆಯಿಂದ ಜಗತ್ತಿಗೆ ಕೈಗೆ ಸಿಕ್ಕಿದ್ದೇನು ಎಂದು ಕೇಳುಗರು ಕೇಳಬಹುದು. ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದ್ದು ಹೀಗೆ: ಬದುಕಿನ ಬೇರೆ ಬೇರೆ ಘಟ್ಟಗಳಲ್ಲಿ ಹದಿನಾಲ್ಕು ಸಂಗತಿಗಳನ್ನು ನೋಡಿಕೊಂಡರೆ ಡಿಮೆನ್ಷಿಯಾದ ಸುಮಾರು ನೂರಕ್ಕೆ 45 ಭಾಗವನ್ನು ತಡೆಯಬಹುದು ಅಥವಾ ಮುಂದೂಡಬಹುದು. ಆ ಹದಿನಾಲ್ಕರಲ್ಲಿ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಇವೆ. ಬೀಡಿ ಸಿಗರೇಟು, ಹೆಂಡ ಇವೆ. ಚಿಕ್ಕಂದಿನಲ್ಲಿ ಶಾಲೆ ತಪ್ಪಿದ್ದು, ಕಿವಿ ಮಂದವಾದದ್ದು, ಕಣ್ಣಿನ ಪೊರೆ ತೆಗೆಸದೆ ಬಿಟ್ಟದ್ದು, ಒಂಟಿತನ, ಕೆಟ್ಟ ಗಾಳಿ ಎಲ್ಲವೂ ಇವೆ. ಫಿನ್ಲೆಂಡಿನ ವೈದ್ಯೆ ಮಿಯಾ ಕಿವಿಪೆಲ್ಟೊ 1,260 ಹಿರಿಯರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷ ಊಟ, ವ್ಯಾಯಾಮ, ಬುದ್ಧಿಗೆ ಕೆಲಸ, ಬಿಪಿ ಸಕ್ಕರೆಯ ನಿಗಾ ಎಲ್ಲವನ್ನೂ ಒಟ್ಟಿಗೆ ಕೊಟ್ಟು ನೋಡಿದರು. 2015ರಲ್ಲಿ ಬಂದ ಫಲ ಆಶಾದಾಯಕವಾಗಿತ್ತು. ಬರೀ ಸಲಹೆ ಪಡೆದವರಿಗಿಂತ ಇವರ ಬುದ್ಧಿಶಕ್ತಿ ಚೆನ್ನಾಗಿ ಉಳಿಯಿತು. ಮಾತ್ರೆಯ ಹೆಸರು ಈ ಪಟ್ಟಿಯಲ್ಲಿ ಹೆಚ್ಚಿಲ್ಲ, ಆದ್ದರಿಂದ ಔಷಧ ಕಂಪನಿಗಳು ಇಂಥ ಅಧ್ಯಯನಕ್ಕೆ ಮುಗಿಬೀಳುವುದಿಲ್ಲ. ದತ್ತಿಗಳು ಬೇಕಾಗಿರುವುದು ಈ ಕಾರಣಕ್ಕೂ ಹೌದು.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಾಂದ್ರಾದಲ್ಲಿ ಒಂದು ಸುತ್ತು ಹಾಕಿದರೆ ಎರಡು ಊರು ಕಾಣುತ್ತವೆ. ರೈಲ್ವೆ ಹಳಿಯ ಪಶ್ಚಿಮಕ್ಕೆ ಪಾಲಿ ಹಿಲ್‌ನ ಮನೆಗಳಲ್ಲಿ ಎಲ್ಲ ಮಾತ್ರೆಗಳೂ ಡಬ್ಬಿಯಲ್ಲಿ ವಾರದ ಲೆಕ್ಕದಲ್ಲಿ ಜೋಡಿಸಿವೆ. ಮಕ್ಕಳು ಟೊರೊಂಟೊದಲ್ಲೋ ಸಿಂಗಪುರದಲ್ಲೋ ಇದ್ದಾರೆ, ದಿನವಿಡೀ ಮಾತಾಡಲು ಕೆಲಸದವಳು ಒಬ್ಬಳೇ. ಹಳಿಯ ಪೂರ್ವಕ್ಕೆ ಬೆಹ್ರಾಮ್‌ಪಾಡಾದ ಓಣಿಗಳಲ್ಲಿ ಮನೆ ತುಂಬ ಮೊಮ್ಮಕ್ಕಳು, ಮಾತಿಗೆ ಕೊರತೆಯಿಲ್ಲ. ಆದರೆ ಕಬ್ಬಿಣದ ಏಣಿ ಹತ್ತಿ ಮಾಳಿಗೆಯ ಕೋಣೆ ಸೇರಬೇಕು, ಬಿಪಿ ಎಷ್ಟಿದೆ ಎಂದು ಯಾರೂ ನೋಡಿಲ್ಲ, ಶಾಲೆ ಎಂದೋ ತಪ್ಪಿತ್ತು. ಯಾವ ಮುಪ್ಪು ಹೆಚ್ಚು ಬಡವಾದದ್ದು? ಅಕ್ಕಪಕ್ಕದ ಪಿನ್‌ಕೋಡುಗಳಲ್ಲಿ ಇಂಥ ಎರಡು ಬದುಕು ಸಿಗುವ ಊರು ಅಧ್ಯಯನಕ್ಕೆ ಬಂಗಾರದ ಗಣಿ. ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳಲ್ಲಿ ದೇಶದ ದೊಡ್ಡ ದೊಡ್ಡ ಕಂಪನಿಗಳ ಕಚೇರಿಗಳಿವೆ. ಸಾಮಾಜಿಕ ಹೊಣೆಯ ಹಣ ಅಲ್ಲಿ ವರ್ಷವರ್ಷ ಹಂಚಿಕೆಯಾಗುತ್ತದೆ. ಆ ಹಣ ಮಾರ್ಚ್ ಮುಗಿಯುವ ಮೊದಲು ಖರ್ಚಾಗಬೇಕು ಎಂಬ ಅವಸರದಲ್ಲಿ ಇರುತ್ತದೆ. ಮುಪ್ಪಿಗೆ ಮಾರ್ಚ್ 31 ಗೊತ್ತಿಲ್ಲ. ಕೆಲವು ಕಂಪನಿಗಳಾದರೂ ಕೂಡಿ, ಇಪ್ಪತ್ತು ವರ್ಷಕ್ಕೆ ಅಲುಗದ ಒಂದು ದತ್ತಿ ಕಟ್ಟಿದರೆ ಹಳಿಯ ಎರಡೂ ಬದಿಯ ಬಾಂದ್ರಾವನ್ನು ಒಂದೇ ಪುಸ್ತಕದಲ್ಲಿ ಬರೆದಿಡಬಹುದು.

ಮುಂಬಯಿಯ ಕನ್ನಡಿಗರಿಗೂ ಇಲ್ಲಿ ಒಂದು ಪಾಲು ಇದೆ. ಹೋಟೆಲಿನ ಗಲ್ಲಾದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಗಿರಣಿಯ ಪಾಳಿಯಲ್ಲಿ ದುಡಿದ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತು. ಮೂರು ನಾಲ್ಕು ಭಾಷೆ ಬಾಯಲ್ಲಿ ಆಡುವವರು ಇವರು. ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ, ಪೇಟೆಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲ ರೋಗಿಗಳಿಗೆ ಡಿಮೆನ್ಷಿಯಾ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಹಾಗಿದ್ದರೆ ನಾಲ್ಕು ಭಾಷೆಯ ಮುಂಬಯಿ ಕನ್ನಡಿಗರನ್ನು ನೋಡಬೇಡವೇ? ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ ಇವುಗಳ ಸದಸ್ಯರ ಪಟ್ಟಿಯಲ್ಲಿ ಹೆಸರು, ವಿಳಾಸ, ಎಷ್ಟೋ ವರ್ಷದ ಒಡನಾಟ ಎಲ್ಲ ಇದೆ. ಪಾರ್ಸಿ ಬಾಗ್‌ಗಳಲ್ಲಿ ಭರೂಚಾ ಅವರಿಗೆ ಸಿಕ್ಕಿದ್ದೂ ಇಂಥದೇ ನಂಬಿಕೆ.

ಸಂಘದ ಕಾರ್ಯಕ್ರಮ ಇದ್ದ ಸಂಜೆ ಮಾಹಿಮಿನ ಸಭಾಂಗಣಕ್ಕೆ ಬಾಂದ್ರಾ ಕಡೆಯಿಂದಲೂ ಹಿರಿಯರು ಬರುತ್ತಾರೆ. ಮೊಮ್ಮಗನ ಕೈಹಿಡಿದು ರಿಕ್ಷಾದಲ್ಲಿ ಬಾಂದ್ರಾದ ತುದಿಯವರೆಗೆ, ಅಲ್ಲಿಂದಾಚೆ ರಿಕ್ಷಾಕ್ಕೆ ಪರವಾನಗಿ ಇಲ್ಲವಾದ್ದರಿಂದ ಇಳಿದು ಟ್ಯಾಕ್ಸಿಯಲ್ಲೋ ಬಸ್ಸಿನಲ್ಲೋ ಆವಾಬಾಯಿಯ ದಾರಿ ದಾಟಿ. ಯಕ್ಷಗಾನವೋ ನಾಟಕವೋ ಶುರುವಾಗಲು ಇನ್ನೂ ಅರ್ಧ ಗಂಟೆ ಇರುತ್ತದೆ. ಮೊಗಸಾಲೆಯಲ್ಲಿ ಕಾಫಿ ಕುಡಿಯುತ್ತ ನಿಂತಿರುತ್ತಾರೆ. ಅಲ್ಲೇ ಗೋಡೆಯ ಪಕ್ಕ ನಾಲ್ಕು ಮೀಟರ್ ಅಳೆದು, ಒಂದು ಗಡಿಯಾರ ಹಿಡಿದು ಯಾರಾದರೂ ನಿಂತು, “ರಾಯರೇ, ಒಂದು ಸಲ ಇಲ್ಲಿಂದ ಅಲ್ಲಿಗೆ ನಡೀತೀರಾ? ಮುಂದಿನ ವರ್ಷ ಇದೇ ದಿನ ಮತ್ತೆ ಕೇಳ್ತೇವೆ” ಅಂದರೆ, ಲೋಟ ಕೆಳಗಿಟ್ಟು ನಡೆಯಲು ಸಿದ್ಧರಿರುವವರು ಆ ಮೊಗಸಾಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.